ಎಸ್ಟೇಟ್ ಜೀಪಿಗೆ ಯಾವ ಡೀಸೆಲ್ ಎಂಜಿನ್: ಹಳೆಯ ಪಂಪೋ, ಸಿಆರ್‌ಡಿಇಯೋ, ಬಿಎಸ್6ಓ?

ಸೆಕೆಂಡ್ ಹ್ಯಾಂಡ್ ಜೀಪು ನೋಡಲು ಹೋದವರು ಮೊದಲು ಮೀಟರ್ ನೋಡುತ್ತಾರೆ, ಆಮೇಲೆ ಟೈರು. ಎಂಜಿನ್ ಮಾತು ಬಂದರೆ ‘ಹಳೇದು ಗಟ್ಟಿ’ ಅಂತ ಒಬ್ಬರು, ‘ಹೊಸದಕ್ಕೆ ಪವರ್ ಜಾಸ್ತಿ’ ಅಂತ ಇನ್ನೊಬ್ಬರು. ಎರಡೂ ನಿಜವೇ. ಆದರೆ ತೋಟದ ಕೆಲಸಕ್ಕೆ ಗಾಡಿ ಕೊಳ್ಳುವವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಗಾಡಿ ಒಮ್ಮೆ ಸ್ಟಾರ್ಟ್ ಆದರೆ, ಆಫ್ ಮಾಡುವುದರೊಳಗೆ ಎಷ್ಟು ಹೊತ್ತು ಓಡುತ್ತದೆ?

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಎಸ್ಟೇಟ್ ಜೀಪಿನ ದಿನಚರಿ ನೋಡಿ. ಬೆಳಗ್ಗೆ ಮನೆಯಿಂದ ಲೈನಿಗೆ (ಕಾರ್ಮಿಕರ ಮನೆಗಳ ಸಾಲಿಗೆ) ಒಂದು ಕಿಲೋಮೀಟರ್, ಅಲ್ಲಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ಎರಡು, ಮತ್ತೆ ಕಣಕ್ಕೆ. ಪ್ರತಿ ಸಲವೂ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಇದೇ ದಿನಚರಿಯನ್ನು ಒಂದು ಎಂಜಿನ್ 20 ವರ್ಷ ತಾಳಿಕೊಳ್ಳುತ್ತದೆ, ಇನ್ನೊಂದು ಎರಡೇ ವರ್ಷದಲ್ಲಿ ಎಚ್ಚರಿಕೆ ದೀಪ ಹೊತ್ತಿಸಿಕೊಂಡು ನಿಲ್ಲುತ್ತದೆ.

ನಮ್ಮ ಕಡೆ ಮಾರಾಟಕ್ಕೆ ಸಿಗುವ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹೆಚ್ಚಿನವು ಮಹೀಂದ್ರಾದವು, ಹಾಗಾಗಿ ಅವನ್ನೇ ಇಟ್ಟುಕೊಂಡು ಹೇಳುತ್ತೇನೆ. ಎಂಜಿನ್‌ಗಳನ್ನು ಮೂರು ತಲೆಮಾರಾಗಿ ನೋಡಬಹುದು. ಮೊದಲನೆಯದು ಮೆಕ್ಯಾನಿಕಲ್ ಪಂಪಿನದು: ಹಳೆಯ ಮೇಜರ್, ಎಂಎಂ540 ಜೀಪುಗಳ ಪ್ಯೂಜೋ ಎಂಜಿನ್, ಆಮೇಲೆ ಬಂದ 2,523 ಸಿಸಿ ಡಿಐ (ಸಿಲಿಂಡರಿನೊಳಗೆ ನೇರವಾಗಿ ಡೀಸೆಲ್ ಚಿಮ್ಮಿಸುವ) ಎಂಜಿನ್. 2010ರಲ್ಲಿ ಬಂದ ಥಾರ್‌ನ ಡಿಐ ಮಾದರಿಯಲ್ಲೂ ಇದೇ ಡಿಐ ಇತ್ತು, ಶಕ್ತಿ 63 ಎಚ್‌ಪಿ. ಎರಡನೆಯದು ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ ಪದ್ಧತಿ) ಇದ್ದೂ, ಡಿಪಿಎಫ್ ಎಂಬ ಹೊಗೆ ಫಿಲ್ಟರ್ ಇಲ್ಲದ್ದು: 2010ರಿಂದ 2020ರವರೆಗಿನ ಥಾರ್ ಸಿಆರ್‌ಡಿಇ, 2,498 ಸಿಸಿ, 105 ಎಚ್‌ಪಿ, 247 ಎನ್‌ಎಂ. ಮೂರನೆಯದು ಬಿಎಸ್6 ಎಂಬ ಹೊಗೆ ನಿಯಮಕ್ಕೆ ಹೊಂದುವುದು: 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ನ 2,184 ಸಿಸಿ ಎಂಹಾಕ್, 130 ಎಚ್‌ಪಿ, 300 ಎನ್‌ಎಂ, ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಸಮೇತ.

ಬ್ಯಾಡ್ಜ್ ನಂಬಬೇಡಿ, ಬಾನೆಟ್ ಎತ್ತಿ ನೋಡಿ. ಪಂಪಿನಿಂದ ನಾಲ್ಕು ಉಕ್ಕಿನ ಪೈಪು ಹೊರಟು ನೇರವಾಗಿ ನಾಲ್ಕು ಸಿಲಿಂಡರಿಗೆ ಹೋಗಿದ್ದರೆ ಅದು ಹಳೆಯ ಪದ್ಧತಿ. ಪಂಪಿನಿಂದ ಬಂದ ಪೈಪು ಒಂದು ದಪ್ಪ ಕೊಳವೆಗೆ ಸೇರಿ, ಅಲ್ಲಿಂದ ಡೀಸೆಲ್ ಚಿಮ್ಮಿಸುವ ಒಂದೊಂದು ಇಂಜೆಕ್ಟರಿಗೂ ಕವಲೊಡೆದು, ಪ್ರತಿ ಇಂಜೆಕ್ಟರ್ ತಲೆಯ ಮೇಲೆ ವೈರಿನ ಪ್ಲಗ್ ಇದ್ದರೆ ಅದು ಕಾಮನ್ ರೈಲ್. ಇದನ್ನು ಹೇಳಲು ಕಾರಣವಿದೆ. ಬೊಲೆರೊಗಳಲ್ಲಿ ಬಂದ ಎಂ2ಡಿಐಸಿಆರ್ ಎಂಜಿನ್ ಹಳೆಯ ಡಿಐ ಹಾಗೆಯೇ 2,523 ಸಿಸಿ, 63 ಎಚ್‌ಪಿ. ಹೆಸರಲ್ಲೂ ‘ಡಿಐ’ ಇದೆ. ಆದರೆ ಒಳಗಿರುವುದು ಕಾಮನ್ ರೈಲ್. ‘ಡಿಐ ಎಂಜಿನ್ ಸಾರ್, ಯಾರು ಬೇಕಾದರೂ ರಿಪೇರಿ ಮಾಡ್ತಾರೆ’ ಅನ್ನುವ ಮಾತಿಗೆ ಒಪ್ಪಿ ಕೊಂಡವರು ಆಮೇಲೆ ಕಂಪ್ಯೂಟರ್ ಸ್ಕ್ಯಾನರ್ ಇರುವ ಗ್ಯಾರೇಜ್ ಹುಡುಕಬೇಕಾಗುತ್ತದೆ.

ಹಳೆಯ ಎಂಜಿನ್‌ನ ದೊಡ್ಡ ಗುಣ ಅದರ ಸಹನೆ. ಅದರಲ್ಲಿ ಡೀಸೆಲ್ ಚಿಮ್ಮುವ ನಾಜಲ್ ತೆರೆಯುವುದು ಸುಮಾರು 200 ಬಾರ್ ಒತ್ತಡಕ್ಕೆ. ಕಾಮನ್ ರೈಲ್‌ನಲ್ಲಿ ಒತ್ತಡ 1,600 ಬಾರ್ ಸುತ್ತಮುತ್ತ ಹೋಗುತ್ತದೆ, ಒಳಗಿನ ಭಾಗಗಳ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ತೋಟದ ಶೆಡ್ಡಿನಲ್ಲಿ ಬ್ಯಾರೆಲ್ಲಿನಲ್ಲಿಟ್ಟ ಡೀಸೆಲ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹಿಡಿಯುತ್ತದೆ. ಬ್ಯಾರೆಲ್ ಅರ್ಧ ಖಾಲಿ ಇದ್ದಷ್ಟೂ ಒಳಗೋಡೆಯ ಮೇಲೆ ಹೆಚ್ಚು ಹನಿ ಕಟ್ಟುತ್ತದೆ. ಆ ನೀರು ಹಳೆಯ ಪಂಪಿಗೂ ಕೆಟ್ಟದ್ದೇ, ಆದರೆ ಅಲ್ಲಿ ಕೆಲಸ ನಾಜಲ್ ಬದಲಾವಣೆ, ಪಂಪ್ ಕ್ಯಾಲಿಬ್ರೇಶನ್‌ಗೆ ಮುಗಿಯುತ್ತದೆ. ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಎಣ್ಣೆ. ನೀರೋ ಸೀಮೆಎಣ್ಣೆಯೋ ಬೆರೆತರೆ ಪಂಪಿನೊಳಗೆ ಲೋಹಕ್ಕೆ ಲೋಹ ತಿಕ್ಕಿ, ಆ ಪುಡಿ ರೈಲಿಗೂ ನಾಲ್ಕೂ ಇಂಜೆಕ್ಟರಿಗೂ ಹರಡುತ್ತದೆ. ಒಂದು ಸಿಆರ್‌ಡಿಇ ಇಂಜೆಕ್ಟರಿನ ಬೆಲೆಗೆ ಹಳೆಯ ಎಂಜಿನ್‌ನ ನಾಲ್ಕೂ ನಾಜಲ್ ಹಾಕಿಸಿ ಹಣ ಮಿಗುತ್ತದೆ. ವೈರಿಂಗ್ ಲೆಕ್ಕವೂ ಇದೆ: ಶೆಡ್ಡಿನ ಇಲಿ ಹಳೆಯ ಜೀಪಿನ ವೈರ್ ಕಡಿದರೆ ಲೈಟ್ ಹೋಗುತ್ತದೆ, ಸಿಆರ್‌ಡಿಇಯ ಕ್ರ್ಯಾಂಕ್ ಸೆನ್ಸರ್ ವೈರ್ ಕಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಹಾಗಂತ ಹಳೆಯದೆಲ್ಲ ಒಳ್ಳೆಯದಲ್ಲ. ಈಗ ಸಿಗುವ ಮೇಜರ್‌ಗಳಲ್ಲಿ ಬಹುಪಾಲು ದುಡಿದು ಹಣ್ಣಾದವು. ಅದಕ್ಕೇ ಪರೀಕ್ಷೆ ಕಟ್ಟುನಿಟ್ಟಾಗಿರಲಿ. ಗಾಡಿ ನೋಡಲು ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ; ಇನ್ನೊಂದು ದಿನ ಬೆಳಗ್ಗೆ ಬರುತ್ತೇನೆಂದು ಹೇಳಿ. ತಣ್ಣಗಿರುವಾಗ ಡಿಐ ಎಂಜಿನ್ ನಾಲ್ಕೈದು ಸೆಕೆಂಡ್‌ನೊಳಗೆ ಹಿಡಿಯಬೇಕು. ಪ್ಯೂಜೋ ಎಂಜಿನ್‌ಗೆ ಮಾತ್ರ ಹೀಟರ್ ಪ್ಲಗ್ ಕಾಯಲು ಸಮಯ ಕೊಡಿ, ಅದರ ರಚನೆಯೇ ಹಾಗೆ. ಕೈಪಂಪ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವುದಾದರೆ ಎಲ್ಲೋ ಏರ್ ಎಳೆಯುತ್ತಿದೆ. ಅದು ಸಣ್ಣ ಕೆಲಸ, ಬೆಲೆ ಇಳಿಸಲು ಸಾಕು. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಕ್ಯಾಪ್ ತೆಗೆದು, ಅದನ್ನೇ ತಲೆಕೆಳಗಾಗಿ ಬಾಯಿಯ ಮೇಲೆ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಪರವಾಗಿಲ್ಲ. ಹಾರಿಬಿದ್ದು, ಬಾಯಿಂದ ಹೊಗೆ ಬುಸುಗುಟ್ಟಿದರೆ ಬ್ಯಾಕ್ ಕಂಪ್ರೆಶನ್ ಇದೆ (ಉರಿದ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಕ್ಕೆ ನುಗ್ಗುತ್ತಿದೆ), ಬೋರ್ ಅಂದರೆ ಸಿಲಿಂಡರ್ ಕೆಲಸ ಬಾಕಿ ಇದೆ. ಅನುಮಾನವಿದ್ದರೆ ಕಂಪ್ರೆಶನ್ ಗೇಜ್ ಹಾಕಿಸಿ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಂಜಿನ್ ಬಿಚ್ಚುವ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಹೊಗೆಯ ಬಣ್ಣದಲ್ಲೂ ಸುಳಿವಿದೆ. ಬೆಳಗಿನ ಒಂದು ನಿಮಿಷದ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬಂದರೆ ಕೂಲೆಂಟ್ ಒಳಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಏರುದಾರಿಯಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ನಾಜಲ್ ಹಾಳಾಗಿರಬಹುದು, ಇಲ್ಲವೇ ‘ಪುಲ್ಲಿಂಗ್’ ಹೆಚ್ಚಿಸಲು ಯಾರೋ ಪಂಪ್ ಸ್ಕ್ರೂ ತಿರುಗಿಸಿದ್ದಾರೆ. ಈ ಎರಡನೆಯದು ಅಪಾಯದ್ದು. ಹೆಚ್ಚುವರಿ ಡೀಸೆಲ್ ಉರಿದು ಹೆಡ್ ಬಿರುಕು ಬಿಟ್ಟಿರುವ ಸಾಧ್ಯತೆ ಇರುತ್ತದೆ. ರೇಡಿಯೇಟರ್ ನೀರು ತುಕ್ಕಿನ ಬಣ್ಣದ್ದಾಗಿದ್ದರೆ ವರ್ಷಗಟ್ಟಲೆ ಕೂಲೆಂಟ್ ಹಾಕದೆ ತೋಡಿನ ನೀರಲ್ಲೇ ಓಡಿಸಿದ್ದಾರೆ ಎಂದು ತಿಳಿಯಿರಿ. ಹಳೆಯ ಎಂಜಿನ್‌ಗಳನ್ನು ಕೊಂದಿರುವುದು ಕಿಲೋಮೀಟರ್ ಅಲ್ಲ, ಈ ನೀರು. ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪನ್ನೂ ಅದರ ಆಯಿಲ್ ಪೈಪನ್ನೂ ನೋಡಿ.

ಎರಡನೇ ತಲೆಮಾರಿನ ಸಿಆರ್‌ಡಿಇಯಲ್ಲಿ ಕಿವಿಗಿಂತ ಸ್ಕ್ಯಾನರ್ ಮುಖ್ಯ. ಸ್ಕ್ಯಾನರ್ ಇಲ್ಲದೆ ಈ ಗಾಡಿ ಕೊಳ್ಳಲೇಬೇಡಿ. ಎರರ್ ಕೋಡ್ ಇಲ್ಲ ಅಂದರೆ ಸಾಲದು, ಕೋಡ್ ಅಳಿಸುವುದು ಅರ್ಧ ನಿಮಿಷದ ಕೆಲಸ. ಓಡಿಸುತ್ತಲೇ ಲೈವ್ ಡೇಟಾ ನೋಡಿ. ಸ್ಟಾರ್ಟರ್ ತಿರುಗುವಾಗ ರೈಲ್ ಪ್ರೆಶರ್ 200 ಬಾರ್ ಸುತ್ತ ಮುಟ್ಟದೆ ಸಾಮಾನ್ಯವಾಗಿ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯಲು ಸತಾಯಿಸುವುದು ಇಂಜೆಕ್ಟರ್ ಸವೆತದ ಹಳೆಯ ಲಕ್ಷಣ. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿನಿಂದ ರಿಟರ್ನ್ ಪೈಪಿಗೆ ಸೋರುತ್ತದೆ, ರೈಲಿನಲ್ಲಿ ಒತ್ತಡ ಕಟ್ಟುವುದಿಲ್ಲ.

ಇದನ್ನು ಖಚಿತಪಡಿಸಲು ಬ್ಯಾಕ್ ಲೀಕ್ ಪರೀಕ್ಷೆ ಮಾಡಿಸಿ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪು ಬಿಚ್ಚಿ, ಒಂದೊಂದಕ್ಕೂ ಒಂದೇ ಅಳತೆಯ ಪಾರದರ್ಶಕ ಬಾಟಲಿ ಕಟ್ಟಿ, ಬಿಸಿ ಎಂಜಿನ್ ಮೂರು ನಿಮಿಷ ಐಡಲ್‌ನಲ್ಲಿ ಓಡಲಿ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ಬರಬೇಕು. ಒಂದು ಬಾಟಲಿಯಲ್ಲಿ ಉಳಿದವುಗಳ ಎರಡು-ಮೂರು ಪಟ್ಟು ತುಂಬಿದರೆ ಆ ಇಂಜೆಕ್ಟರ್ ಮುಗಿದಿದೆ. ಹೊಸದು ಹಾಕಿದಾಗ ಅದರ ಮೈಮೇಲಿನ ಕೋಡನ್ನು ಇಸಿಯುಗೆ ಬರೆಸಬೇಕು; ಬರೆಸದೆ ಬಿಟ್ಟರೆ ಐಡಲ್ ಕುಂಟುತ್ತದೆ, ಹೊಗೆ ಬರುತ್ತದೆ. ಇಂಜೆಕ್ಟರ್ ಬುಡದಲ್ಲಿ ಕಪ್ಪು ಡಾಂಬರಿನಂಥದ್ದು ಮೆತ್ತಿಕೊಂಡು ‘ಚಫ್ ಚಫ್’ ಸದ್ದು ಬಂದರೆ ತಾಮ್ರದ ವಾಷರ್ ಸೋರುತ್ತಿದೆ. ವಾಷರ್ ಅಗ್ಗ, ಆದರೆ ತಿಂಗಳುಗಟ್ಟಲೆ ಬಿಟ್ಟರೆ ಇಂಜೆಕ್ಟರ್ ಹೆಡ್ಡಿಗೇ ಕಚ್ಚಿಕೊಳ್ಳುತ್ತದೆ.

ಟರ್ಬೊಗೆ ಹೋಗುವ ಹೋಸ್ ಬಿಚ್ಚಿಸಿ ಶಾಫ್ಟ್ ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರಬಹುದು, ಹಿಂದೆ-ಮುಂದೆ ಕೈಗೆ ತಿಳಿಯುವಷ್ಟು ಇರಬಾರದು. ಇಂಟರ್‌ಕೂಲರ್ ಪೈಪಿನೊಳಗೆ ಆಯಿಲ್ ಪಸೆ ಇದ್ದರೆ ಒಪ್ಪಬಹುದು, ಸುರಿದರೆ ಬೇಡ. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿಯಿರಿ. ನೀರಿದ್ದರೆ ಅಡಿಗೆ ಕೂರುತ್ತದೆ. ಬೆಳಕಿಗೆ ಹಿಡಿದಾಗ ಬೆಳ್ಳಿಯಂಥ ಪುಡಿ ಮಿನುಗಿದರೆ ಪಂಪ್ ಸವೆಯುತ್ತಿದೆ. ಆ ಗಾಡಿ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ, ಏಕೆಂದರೆ ಪಂಪ್, ರೈಲ್, ಇಂಜೆಕ್ಟರ್, ಪೈಪು ಎಲ್ಲವನ್ನೂ ಬದಲಾಯಿಸಿ, ಟ್ಯಾಂಕ್ ಇಳಿಸಿ ತೊಳೆಯಬೇಕಾಗುತ್ತದೆ.

ಇನ್ನು ಬಿಎಸ್6. ಓಡಿಸಲು ಇದರಷ್ಟು ಹಿತವಾದ ಎಂಜಿನ್ ಹಿಂದಿನ ಎರಡೂ ಅಲ್ಲ. 1,600ರಿಂದ 2,800 ಆರ್‌ಪಿಎಂವರೆಗೆ 300 ಎನ್‌ಎಂ ಒಂದೇ ಸಮನೆ ಸಿಗುವುದರಿಂದ ಚಾರ್ಮಾಡಿ ಏರು ಗೊತ್ತೇ ಆಗುವುದಿಲ್ಲ. ತೊಂದರೆ ಬರುವುದು ಸಣ್ಣ ಓಟದಲ್ಲಿ. ಡಿಪಿಎಫ್‌ನಲ್ಲಿ ಸೇರಿದ ಮಸಿ ಉರಿದುಹೋಗಲು ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಆ ಬಿಸಿ ಬರಿಸಲು ಇಸಿಯು ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ. ಇದೇ ರೀಜನರೇಶನ್. ಅದು ಮುಗಿಯಲು 15–20 ನಿಮಿಷ ತಡೆಯಿಲ್ಲದ ಓಟ ಬೇಕು. ಪಲ್ಪರ್ ಹತ್ತಿರ ನಿಲ್ಲಿಸಿ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಾಗೆ ಹತ್ತು ಸಲ ಅರ್ಧಕ್ಕೆ ನಿಂತರೆ ಎರಡು ಹಾನಿ: ಮಸಿ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ.

ಆದ್ದರಿಂದ ಬಿಎಸ್6 ಗಾಡಿಯಲ್ಲಿ ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಮೇಲಿನ ಗುರುತಿಗಿಂತ ಎತ್ತರದಲ್ಲಿದ್ದು, ಡೀಸೆಲ್ ವಾಸನೆ ಬಂದು, ಬೆರಳಿಗೆ ನೀರಿನಂತೆ ತೆಳುವಾಗಿದ್ದರೆ ಆ ಗಾಡಿ ಸಣ್ಣ ಓಟದಲ್ಲೇ ಬದುಕಿದೆ. ‘ಆಯಿಲ್ ತುಂಬಾ ಇದೆ, ಒಳ್ಳೆಯದೇ ಅಲ್ವಾ’ ಎಂದು ಸಮಾಧಾನಪಟ್ಟವರಿದ್ದಾರೆ. ತೆಳುವಾದ ಆ ಆಯಿಲ್ ಬೇರಿಂಗ್‌ಗಳನ್ನೂ ಟರ್ಬೊವನ್ನೂ ತಿನ್ನುತ್ತದೆ. ನಂತರ ಸ್ಕ್ಯಾನರ್‌ನಲ್ಲಿ ಮಸಿಯ ಪ್ರಮಾಣ, ಎರಡು ರೀಜನರೇಶನ್ ನಡುವಿನ ಅಂತರ ನೋಡಿ. ಕೆಲವು ನೂರು ಕಿಲೋಮೀಟರಿಗೊಮ್ಮೆ ಆಗುತ್ತಿದ್ದರೆ ಆರೋಗ್ಯ. ನೂರರೊಳಗೇ ಮತ್ತೆ ಮತ್ತೆ ಆಗುತ್ತಿದ್ದರೆ ಫಿಲ್ಟರ್ ಬೂದಿಯಿಂದ ತುಂಬಿರಬಹುದು, ಇಲ್ಲವೇ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ವಾಲ್ವ್), ಟರ್ಬೊ ಇವುಗಳಲ್ಲೊಂದು ಹೆಚ್ಚು ಮಸಿ ಉಗುಳುತ್ತಿದೆ. ಮಸಿ ಉರಿಯುತ್ತದೆ, ಬೂದಿ ಉರಿಯುವುದಿಲ್ಲ. ಫಿಲ್ಟರ್ ಇಳಿಸಿ ತೊಳೆಸಬೇಕು ಅಥವಾ ಬದಲಾಯಿಸಬೇಕು. ಟ್ರ್ಯಾಕ್ಟರಿಗೆ ತಂದ ಆಯಿಲನ್ನೇ ಇದಕ್ಕೂ ಸುರಿಯುವುದು ತೋಟಗಳಲ್ಲಿ ಸಾಮಾನ್ಯ. ಆ ಆಯಿಲ್‌ನ ಬೂದಿಯಂಶವೇ ಡಿಪಿಎಫ್ ತುಂಬಿಸುತ್ತದೆ, ಮ್ಯಾನುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ದರ್ಜೆಯೇ ಬೇಕು. ಡೀಸೆಲ್ ಮುಚ್ಚಳದ ಪಕ್ಕ ನೀಲಿ ಮುಚ್ಚಳವೂ ಇದ್ದರೆ ಆ ಮಾದರಿಗೆ ಆ್ಯಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಖರ್ಚೂ ಸೇರುತ್ತದೆ.

ಇನ್ನೊಂದು ಎಚ್ಚರಿಕೆ: ರೀಜನರೇಶನ್ ನಡೆಯುವಾಗ ಎಕ್ಸಾಸ್ಟ್ ಕೆಂಡದಷ್ಟು ಬಿಸಿ. ಫೆಬ್ರುವರಿ, ಮಾರ್ಚ್‌ನ ತರಗೆಲೆಯ ಮೇಲೆ, ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ.

ಡಿಪಿಎಫ್ ಕಿತ್ತು ಇಸಿಯು ಬದಲಾಯಿಸಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿ. ಫಿಲ್ಟರ್ ಸರಿಯಿದ್ದರೆ ಮಸಿ ಅಂಟುವುದೇ ಇಲ್ಲ ಅನ್ನಬಹುದು. ಬೆರಳು ಕಪ್ಪಾದರೆ ಕೊಳ್ಳಬೇಡಿ. ಅದು ಕಾನೂನಿಗೂ ವಿರುದ್ಧ, ಎಮಿಷನ್ ಟೆಸ್ಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎರಡರಲ್ಲೂ ತಲೆನೋವು.

ಕಾಗದದ ವಿಷಯದಲ್ಲಿ ಎರಡೇ ಮಾತು. ಹಳೆಯ ಜೀಪುಗಳಲ್ಲಿ ಎಂಜಿನ್ ಅದಲುಬದಲಾಗಿರುವುದು ಹೆಚ್ಚು, ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ಎಂದು ಬ್ಲಾಕ್ ಒರೆಸಿ ಕಣ್ಣಾರೆ ಓದಿ. 15 ವರ್ಷಕ್ಕೆ ನೋಂದಣಿ ನವೀಕರಣ ಬರುತ್ತದೆ, ಅಂದರೆ 2011ರ ಥಾರ್‌ಗೆ 2026ರಲ್ಲಿ. ಆ ಖರ್ಚು, ಓಡಾಟ ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಹಾಗಾದರೆ ಯಾವುದು? ಗಾಡಿ ತೋಟದ ಗೇಟು ದಾಟುವುದೇ ವಾರಕ್ಕೊಮ್ಮೆ ಸಂತೆಗೆ ಎಂದಾದರೆ, ಪಂಪ್ ಕೆಲಸ ಬಲ್ಲವರು ಹತ್ತಿರದಲ್ಲಿದ್ದರೆ, ಬೋರ್ ಚೆನ್ನಾಗಿರುವ ಡಿಐ ಸಾಕು. 1,500 ಆರ್‌ಪಿಎಂನಲ್ಲೇ ಎಳೆಯುವ ಅದಕ್ಕೆ ಲೋ ಗೇರಿನ ಕೆಸರು ದಾರಿ ಕಷ್ಟವಲ್ಲ. ಆದರೆ ಅದರಲ್ಲಿ ಬೆಂಗಳೂರಿಗೆ ಹೋಗಿಬರುವ ಆಸೆ ಇಟ್ಟುಕೊಳ್ಳಬೇಡಿ. ತೋಟವೂ ಬೇಕು, ತಿಂಗಳಿಗೆರಡು ಸಲ ಹಾಸನ, ಮಂಗಳೂರೂ ಬೇಕು ಅನ್ನುವವರಿಗೆ ನನ್ನ ಆಯ್ಕೆ 2020ಕ್ಕಿಂತ ಮುಂಚಿನ ಸಿಆರ್‌ಡಿಇ. ಸಣ್ಣ ಓಟಕ್ಕೆ ಕೆರಳುವ ಡಿಪಿಎಫ್ ಇಲ್ಲ, ಘಾಟಿಗೆ ಬೇಕಾದ ಶಕ್ತಿ ಇದೆ. 2015ರ ನಂತರದ್ದಾದರೆ ಹಿಂದಿನ ಆ್ಯಕ್ಸಲ್‌ನಲ್ಲಿ ಲಾಕ್ ಆಗುವ ಡಿಫರೆನ್ಷಿಯಲ್ ಕೂಡ ಸಿಗುತ್ತದೆ. ಇದಕ್ಕೆ ಬ್ಯಾರೆಲ್ ಡೀಸೆಲ್ ಹಾಕದಿರುವ ಶಿಸ್ತು ಮಾತ್ರ ಬೇಕೇ ಬೇಕು. ಬಂಕಿನದನ್ನೇ ತುಂಬಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರ್ ನೀರು ಬಿಡಿ.

ಬೆಂಗಳೂರಲ್ಲಿದ್ದು ವಾರಾಂತ್ಯಕ್ಕೆ ಊರಿಗೆ ಬರುವವರು ಧೈರ್ಯವಾಗಿ ಬಿಎಸ್6 ಕೊಳ್ಳಬಹುದು. ಆ ಮೂರು-ನಾಲ್ಕು ತಾಸಿನ ಹೈವೇ ಓಟವೇ ಡಿಪಿಎಫ್‌ಗೆ ಔಷಧಿ. ಅದೇ ಗಾಡಿಯನ್ನು ಮುಂದೆ ತೋಟದಲ್ಲೇ ಬಿಟ್ಟುಹೋಗುವ ಯೋಚನೆಯಿದ್ದರೆ, ತೋಟ ನೋಡಿಕೊಳ್ಳುವ ರೈಟರ್‌ಗೆ ಕೀ ಕೊಡುವಾಗಲೇ ಹೇಳಿಡಿ: ಹದಿನೈದು ದಿನಕ್ಕೊಮ್ಮೆ ಟಾರ್ ರಸ್ತೆಯಲ್ಲಿ ಅರ್ಧ ಗಂಟೆ, ಎರಡು ಸಾವಿರ ಆರ್‌ಪಿಎಂ ಮೇಲೆ, ನಡುವೆ ಎಲ್ಲೂ ಆಫ್ ಮಾಡದೆ ಓಡಿಸಬೇಕು.