ಎಕ್ಸ್‌ರೇ ಸರಿ ಇದೆ, ಮುಂಗಾಲಿನ ನೋವು ಯಾಕೆ ಹೋಗ್ತಿಲ್ಲ?

ಪ್ರಶ್ನೆ: ಪೊಲೀಸ್ ನೇಮಕಾತಿಗೆ ತಯಾರಿ ಮಾಡುತ್ತಾ ಧಾರವಾಡದಲ್ಲಿ ರೂಮ್ ಮಾಡಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಕೆಸಿಡಿ ಮೈದಾನದಲ್ಲಿ ಓಡುತ್ತೇನೆ. ಲಾಂಗ್ ಜಂಪ್ ಶುರು ಮಾಡಿದ ಮೇಲೆ ಎರಡನೇ ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ ನೋವು ಬಂದಿದೆ. ಬರಿಗಾಲಲ್ಲಿ ನಡೆದರೆ ಹರಳು ತುಳಿದ ಹಾಗಾಗುತ್ತದೆ. ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ ಅಂದರು. ಏನಿರಬಹುದು?

ಉತ್ತರ: ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಎಲುಬುಗಳನ್ನು ಕಟ್ಟಿ ಹಿಡಿಯುವ ಪಟ್ಟಿ, ಅಂದರೆ ಲಿಗಮೆಂಟ್, ಕಾಣುವುದಿಲ್ಲ. ಹಾಗಾಗಿ 'ಏನೂ ಇಲ್ಲ' ಅಂದರೆ 'ಎಲುಬು ಮುರಿದದ್ದು ಕಾಣುತ್ತಿಲ್ಲ' ಅಂತ ಮಾತ್ರ ತಿಳಿದುಕೊಳ್ಳಿ.

ನೀವು ತೋರಿಸುವ ಜಾಗದಲ್ಲಿ ನೋವು ಅಂದರೆ ಮೊದಲು ಅನುಮಾನ ಬರುವುದು ಪ್ಲಾಂಟರ್ ಪ್ಲೇಟ್ ಮೇಲೆ. ಬೆರಳು ಪಾದಕ್ಕೆ ಸೇರುವ ಕೀಲಿನ ಅಡಿಗೆ ಇರುವ ಗಟ್ಟಿ ಪಟ್ಟಿ ಅದು, ದಪ್ಪ ಕೆಲವೇ ಮಿಲಿಮೀಟರ್. ಅಕ್ಕಪಕ್ಕದ ಲಿಗಮೆಂಟ್‌ಗಳ ಜೊತೆ ಸೇರಿ ಬೆರಳು ಮೇಲಕ್ಕೆ ಎದ್ದು ಹೋಗದ ಹಾಗೆ ತಡೆಯುತ್ತದೆ. ಓಡುವಾಗ, ಜಿಗಿಯುವಾಗ ಹಿಮ್ಮಡಿ ಎತ್ತಿದರೆ ಇಡೀ ಮೈಭಾರ ಮುಂಗಾಲಿಗೆ ಬರುತ್ತದೆ, ಈ ಪಟ್ಟಿ ಜಗ್ಗುತ್ತದೆ. ಜಗ್ಗಿ ಜಗ್ಗಿ ಒಂದು ಕಡೆ ಹರಿಯುತ್ತದೆ. ಎರಡನೇ ಬೆರಳಿನ ಹಿಂದಿನ ಎಲುಬು ಉದ್ದ ಇದ್ದವರಿಗೆ ಇದು ಜಾಸ್ತಿ. ಹೆಬ್ಬೆರಳಿಗೆ ಹೀಗಾದರೆ 'ಟರ್ಫ್ ಟೋ' ಅಂತಾರೆ. ಕೃತಕ ಹುಲ್ಲಿನ ಮೇಲೆ ಆಡುವ ಅಮೆರಿಕದ ಫುಟ್‌ಬಾಲ್ ಆಟಗಾರರಲ್ಲಿ ಕಂಡು, 1976ರಲ್ಲಿ ವೈದ್ಯರು ಇಟ್ಟ ಹೆಸರು.

ಕನ್ನಡಿ ಮುಂದೆ ಬರಿಗಾಲಲ್ಲಿ ನಿಂತು ಎರಡೂ ಪಾದ ಹೋಲಿಸಿ ನೋಡಿ. ನೋವಿರುವ ಬೆರಳು ನೆಲ ಬಿಟ್ಟು ಸ್ವಲ್ಪ ಮೇಲೆ ನಿಂತಿದೆಯೇ? ಎರಡನೇ, ಮೂರನೇ ಬೆರಳಿನ ನಡುವೆ ಹೊಸದಾಗಿ ಸಂದು ಬಿದ್ದಿದೆಯೇ? ಆ ಬೆರಳಿನ ಅಡಿ ಒಂದು ಚೂರು ಕಾಗದ ಇಟ್ಟು, ಬೆರಳಿಂದ ಒತ್ತಿ ಹಿಡಿದು, ಯಾರಿಗಾದರೂ ಎಳೆಯಲು ಹೇಳಿ. ಸುಮ್ನೆ ಜಾರಿ ಬಂದರೆ ಬೆರಳಿನ ಹಿಡಿತ ಸಡಿಲಾಗಿದೆ ಅಂತ ಅರ್ಥ.

ನಿಜವಾದ ಪರೀಕ್ಷೆ ವೈದ್ಯರ ಕೈಯಲ್ಲಿದೆ. ಒಂದು ಕೈಯಲ್ಲಿ ಪಾದ ಹಿಡಿದು, ಇನ್ನೊಂದು ಕೈಯಲ್ಲಿ ಬೆರಳಿನ ಬುಡವನ್ನು ನೇರ ಮೇಲಕ್ಕೆ ಎತ್ತುತ್ತಾರೆ. ಇನ್ನೊಂದು ಕಾಲಿಗಿಂತ ಜಾಸ್ತಿ ಸರಿದರೆ, ಅದೇ ನೋವು ಎದ್ದರೆ, ಅಲ್ಲಿಗೆ ಬಹುಪಾಲು ಖಚಿತ. ಎಷ್ಟು ಹರಿದಿದೆ ಅನ್ನುವುದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕಾಗಬಹುದು. ನನ್ನನ್ನು ಕೇಳಿದರೆ, ಬೆರಳು ಮುಟ್ಟಿ ನೋಡದೆ ನೇರ ಎಂಆರ್‌ಐಗೆ ದುಡ್ಡು ಸುರಿಯಬೇಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನಂಥ ಆಸ್ಪತ್ರೆಯ ಎಲುಬು-ಕೀಲು ವಿಭಾಗದಲ್ಲಿ ಮೊದಲು ತೋರಿಸಿ.

ಒಂದು ಎಚ್ಚರಿಕೆ. ಏಕಾಏಕಿ ಓಟ ಜಾಸ್ತಿ ಮಾಡಿದವರಿಗೆ ಪಾದದ ಎಲುಬಲ್ಲಿ ಕೂದಲೆಳೆಯ ಬಿರುಕು ಬೀಳುವುದುಂಟು. ಮೊದಲ ಎರಡು-ಮೂರು ವಾರ ಅದೂ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಪಾದದ ಮೇಲ್ಭಾಗದ ಎಲುಬು ಒತ್ತಿದರೆ ನೋವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮೂರನೇ-ನಾಲ್ಕನೇ ಬೆರಳಿನ ನಡುವೆ ಉರಿ, ಜುಮ್ಮು ಇದ್ದರೆ ಅದು ಹೆಚ್ಚಾಗಿ ನರದ ತೊಂದರೆ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಬೆರಳನ್ನು ಕೆಳಗೆ ಹಿಡಿದಿಡುವುದು. ಹಿಗ್ಗದ ಟೇಪಿನ ಪಟ್ಟಿಯನ್ನು ಬೆರಳಿನ ಬುಡದ ಮೇಲಿಂದ ಹಾಯಿಸಿ, ಎರಡೂ ತುದಿಗಳನ್ನು ಅಂಗಾಲಿನ ಕಡೆ ಒಂದರ ಮೇಲೊಂದು ಅಡ್ಡ ಹಾಯಿಸಿ ಅಂಟಿಸುತ್ತಾರೆ. ಬೆರಳು ಪಕ್ಕದ ಬೆರಳುಗಳ ಸಮಕ್ಕೆ ಬಂದರೆ ಸಾಕು. ನೀಲಿಗಟ್ಟಿದರೆ, ಜುಮ್ಮೆಂದರೆ ಬಿಗಿಯಾಯಿತು, ತಕ್ಷಣ ಬಿಚ್ಚಿ. ಮೊದಲ ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರು ಮನೆಯಲ್ಲಿ ಈ ಪ್ರಯೋಗ ಮಾಡಲೇಬೇಡಿ. ಟೇಪ್ ವಾರಗಟ್ಟಲೆ ಬೇಕು, ಕೆಲವರಿಗೆ ಎರಡು-ಮೂರು ತಿಂಗಳು.

ಶೂಗಳಲ್ಲಿ ಎಲ್ಲರೂ ಎಡವುತ್ತಾರೆ. ಮೆತ್ತಗಿನ, ಎರಡಾಗಿ ಮಡಚುವ ಶೂ ಹಿತ ಅನ್ನಿಸುತ್ತದೆ, ಆದರೆ ಬೆರಳು ಮಡಚಲು ಬಿಡುವುದೂ ಅದೇ. ತಳ ಗಟ್ಟಿಯಿರಲಿ, ಮುಂದೆ ಸ್ವಲ್ಪ ಮೇಲಕ್ಕೆ ಬಾಗಿರಲಿ. ಪ್ಯಾಡ್ ಇಡುವುದಾದರೆ ನೋವಿನ ಜಾಗದ ಮೇಲಲ್ಲ, ಅದಕ್ಕಿಂತ ತುಸು ಹಿಂದೆ ಇಡಬೇಕು. ಹವಾಯಿ ಚಪ್ಪಲಿ, ತುದಿಗಾಲಲ್ಲಿ ಕುಕ್ಕರುಗಾಲು ಕೂರುವುದು ಸದ್ಯಕ್ಕೆ ಬೇಡ. ಹೆಣ್ಣುಮಕ್ಕಳಿಗೆ ಈ ನೋವು ಬಂದರೆ, ಬಾವು ಏರುವ ಮೊದಲೇ ಕಾಲುಂಗುರ ತೆಗೆದಿಡಿ. ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸುವುದು, ಬೆರಳು ಎಳೆಸುವುದು ಬೇಡ. ಆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿಕೊಳ್ಳುವ ಮುನ್ನ ಪ್ಲೇಟ್ ಹರಿದಿದೆಯೇ ಎಂದು ಕೇಳಿ. ನೋವು ಇಳಿದರೂ ಪಟ್ಟಿ ಇನ್ನಷ್ಟು ಸವೆದು ಕೀಲು ಜಾರುವ ಅಪಾಯವಿದೆ. ಕೆಲವು ತಿಂಗಳ ಚಿಕಿತ್ಸೆಗೂ ಜಗ್ಗದೆ ಬೆರಳು ಪಕ್ಕದ ಬೆರಳಿನ ಮೇಲೆ ಏರತೊಡಗಿದರೆ ಆಪರೇಷನ್ ವಿಚಾರ ಬರುತ್ತದೆ. ಹರಿದ ಪಟ್ಟಿಯನ್ನು ಹೊಲಿಯುತ್ತಾರೆ, ಬೇಕಾದರೆ ಉದ್ದದ ಎಲುಬನ್ನು ತುಸು ಗಿಡ್ಡ ಮಾಡುತ್ತಾರೆ.

ಅಲ್ಲಿಯವರೆಗೆ ಫಿಟ್‌ನೆಸ್ ಬಿಡಬೇಕಾಗಿಲ್ಲ. ಸೈಕಲ್ ಹೊಡೆಯಿರಿ, ಪೆಡಲ್ ಮಾತ್ರ ಪಾದದ ಮಧ್ಯಕ್ಕೆ ಬರಲಿ. ನೋವಿಲ್ಲದೆ ಬಿರುಸಾಗಿ ನಡೆಯಲು ಬಂದ ಮೇಲೆ ನಿಧಾನ ಓಟ, ಆಮೇಲೆ ವೇಗ. ಲಾಂಗ್ ಜಂಪ್ ಎಲ್ಲದಕ್ಕಿಂತ ಕೊನೆಗೆ.