ನಾಣ್ಯ ಚಿಮ್ಮಿ ಬಂದ ಹೆಸರು

ಮನೆ ಕಟ್ಟಿಸಿದವರು ಸಿಮೆಂಟ್ ಚೀಲದ ಮೇಲೆ 'ಪೋರ್ಟ್‌ಲ್ಯಾಂಡ್' ಅನ್ನುವ ಹೆಸರು ನೋಡಿರುತ್ತಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್‌ನಲ್ಲಿ ಸಿಗುವ ಕಟ್ಟಡದ ಕಲ್ಲು ಬಹಳ ಹೆಸರುವಾಸಿ. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ತನ್ನ ಸಿಮೆಂಟಿಗೆ ಪೇಟೆಂಟ್ ಪಡೆದಾಗ ಆ ಕಲ್ಲಿನ ಹೆಸರನ್ನೇ ಇಟ್ಟ.

ಅದೇ ಹೆಸರಿನ ಎರಡು ಬಂದರುಗಳು ಅಮೆರಿಕದಲ್ಲೂ ಇವೆ. ಒಂದು ಪೂರ್ವದ ಮೇನ್ ರಾಜ್ಯದಲ್ಲಿ, ಇನ್ನೊಂದು ಪಶ್ಚಿಮದ ಆರೆಗಾನ್‌ನಲ್ಲಿ. ಎರಡನೆಯದಕ್ಕೆ ಹೆಸರು ಬಂದದ್ದು ತಮಾಷೆಯಾಗಿದೆ. 1845ರಲ್ಲಿ ಜಾಗದ ಮಾಲೀಕರು ಇಬ್ಬರು: ಮೇನ್‌ನಿಂದ ಬಂದ ಪೆಟಿಗ್ರೋವ್, ಮ್ಯಾಸಚೂಸೆಟ್ಸ್‌ನಿಂದ ಬಂದ ಲವ್‌ಜಾಯ್. ಒಬ್ಬನಿಗೆ ಪೋರ್ಟ್‌ಲ್ಯಾಂಡ್ ಬೇಕು, ಇನ್ನೊಬ್ಬನಿಗೆ ಬಾಸ್ಟನ್. ಒಂದು ಸೆಂಟ್ ನಾಣ್ಯ ಚಿಮ್ಮಿದರು, ಪೆಟಿಗ್ರೋವ್ ಗೆದ್ದ.

ಹೆಸರನ್ನು ಹೀಗೆ ಗೆದ್ದುಕೊಳ್ಳಬಹುದು, ವ್ಯಾಪಾರವನ್ನು ಆಗುವುದಿಲ್ಲ. ಬಂದರಿನ ಬೆನ್ನಿಗಿರುವ ನಾಡು ಎಂಥದ್ದು ಅನ್ನುವುದೇ ಅಲ್ಲಿ ಮುಖ್ಯ. ಮೇನ್‌ನ ಬಂದರಿಗೆ ಆ ನಾಡು ಇದ್ದದ್ದು ಗಡಿಯಾಚೆ, ಕೆನಡಾದಲ್ಲಿ! ಚಳಿಗಾಲದಲ್ಲಿ ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟಿ ಮಾಂಟ್ರಿಯಲ್‌ಗೆ ಹಡಗು ಹೋಗುತ್ತಿರಲಿಲ್ಲ. ಪೋರ್ಟ್‌ಲ್ಯಾಂಡ್‌ನ ಕಡಲು ಮಾತ್ರ ಹೆಪ್ಪುಗಟ್ಟದೆ ತೆರೆದೇ ಇರುತ್ತಿತ್ತು. 1853ರಲ್ಲಿ ಎರಡೂ ಊರಿನ ನಡುವೆ ರೈಲು ಬಂತು, ಕೆನಡಾದ ಗೋಧಿ ಇಲ್ಲಿಂದ ಹಡಗು ಹತ್ತಿತು. ಮುಂದೆ ಆ ರೈಲು ಕೆನಡಾ ಸರ್ಕಾರದ ಕೈಸೇರಿತು. ಸ್ವಂತ ಬಂದರುಗಳಿರುವಾಗ ಪರದೇಶದ್ದು ಯಾಕೆ, ಅಲ್ವಾ? ಗೋಧಿ ಹ್ಯಾಲಿಫ್ಯಾಕ್ಸ್ ಕಡೆ ತಿರುಗಿತು. ಆದರೆ 1941ರಲ್ಲಿ, ಯುದ್ಧದ ನಡುವೆ, ಪಕ್ಕದ ಸೌತ್ ಪೋರ್ಟ್‌ಲ್ಯಾಂಡ್‌ನಿಂದ ಮಾಂಟ್ರಿಯಲ್‌ಗೆ ಕಚ್ಚಾತೈಲದ ಪೈಪ್‌ಲೈನ್ ಹಾಕಿದರು. ಜರ್ಮನ್ ಜಲಾಂತರ್ಗಾಮಿಗಳ ಕಾಟವಿದ್ದ ಕಡಲಲ್ಲಿ ಟ್ಯಾಂಕರ್‌ಗಳು ಅಷ್ಟು ದೂರ ಸುತ್ತುವುದು ತಪ್ಪಿತು.

ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ಗೆ ಕಡಲೇ ಇಲ್ಲ! ಊರು ಸುಮಾರು 160 ಕಿ.ಮೀ. ಒಳಗೆ, ವಿಲಮೆಟ್ ನದಿಯ ದಂಡೆಯಲ್ಲಿದೆ. ಆದರೂ ಅದೃಷ್ಟ ಇದರದ್ದೇ ಜಾಸ್ತಿ ಅಂತ ನನಗನ್ನಿಸುತ್ತದೆ. ನಮ್ಮ ಬಯಲುಸೀಮೆಯ ಸರಕು ಮಂಗಳೂರಿಗೆ ಬರಬೇಕಾದರೆ ಘಾಟಿ ಇಳಿಯಲೇಬೇಕು. ಅಲ್ಲಿ ವಿಲಮೆಟ್ ಹೋಗಿ ಸೇರುವ ಕೊಲಂಬಿಯಾ ನದಿಯೇ ಕ್ಯಾಸ್ಕೇಡ್ ಬೆಟ್ಟಸಾಲನ್ನು ಸೀಳಿ ದಾರಿ ಮಾಡಿಕೊಟ್ಟಿದೆ. ಬೆಟ್ಟದಾಚೆಯ ಹೊಲಗಳ ಗೋಧಿ ಬಾರ್ಜ್‌ಗಳಲ್ಲಿ ನೀರಿನ ಮೇಲೇ ಬರುತ್ತದೆ. ಐಡಾಹೋದ ಲೂಯಿಸ್ಟನ್‌ವರೆಗೆ, ಅಂದರೆ ಕಡಲಿನಿಂದ ಸುಮಾರು 750 ಕಿ.ಮೀ. ಒಳಗಿನವರೆಗೂ ಬಾರ್ಜ್ ಓಡಾಡುತ್ತವೆ. ನಡುವೆ ಎಂಟು ಅಣೆಕಟ್ಟುಗಳಿವೆ. ಒಂದೊಂದರಲ್ಲೂ ನೀರು ತುಂಬಿಸಿ, ಖಾಲಿ ಮಾಡಿ ಬಾರ್ಜನ್ನು ಮೇಲೆತ್ತುವ, ಕೆಳಗಿಳಿಸುವ ಲಾಕ್ ಇದೆ.

ಇಷ್ಟು ಸಲೀಸಾಗಿ ಬಂದ ಗೋಧಿ ಜಪಾನ್, ಫಿಲಿಪೀನ್ಸ್ ಕಡೆ ಹೊರಟಾಗ ಅಳಿವೆಯಲ್ಲಿ ಕಷ್ಟ ಎದುರಾಗುತ್ತದೆ. ನದಿಯ ಸೆಳೆತವೂ ಪೆಸಿಫಿಕ್ ಅಲೆಗಳೂ ಮರಳು ದಿಬ್ಬದ ಮೇಲೆ ಡಿಕ್ಕಿ ಹೊಡೆಯುವ ಜಾಗ ಅದು. ಅಲ್ಲಿ ಮುಳುಗಿದ ಹಡಗುಗಳಿಗೆ ಲೆಕ್ಕವಿಲ್ಲ. ಹಾಗಾಗಿ ದೊಡ್ಡ ಹಡಗುಗಳನ್ನು ದಾಟಿಸಲು ಸ್ಥಳೀಯ ಪೈಲಟ್‌ಗಳೇ, ಅಂದರೆ ಹಡಗಿಗೆ ದಾರಿ ತೋರಿಸುವ ನಾವಿಕರೇ ಬೇಕು. ಕೆಲವೊಮ್ಮೆ ಅವರು ಹೆಲಿಕಾಪ್ಟರ್‌ನಿಂದ ಹಗ್ಗದಲ್ಲಿ ಡೆಕ್ಕಿಗೆ ಇಳಿಯುತ್ತಾರೆ.