ಹಳ್ಳದ ದರಕು

ಶಿರಸಿ, ಸಾಗರದ ಕಡೆ ಉದುರಿದ ಒಣ ಎಲೆಗೆ ದರಕು ಎನ್ನುತ್ತಾರೆ. ಉಳಿದ ಕಡೆ ತರಗು, ತರಗೆಲೆ. ಬೆಟ್ಟದಿಂದ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿದರೆ ಅದಕ್ಕೆ ಬೆಲೆ, ಹಳ್ಳಕ್ಕೆ ಬಿದ್ದರೆ ಕಸ. ಇಂಗ್ಲಿಷಿನ ‘ಲಿಟರ್’ ಎಂಬ ಪದಕ್ಕೂ ಕಸ, ಕೊಟ್ಟಿಗೆಯ ಹಾಸು ಎರಡೂ ಅರ್ಥಗಳಿವೆ. ಹಳ್ಳದ ಮಟ್ಟಿಗೆ ಎರಡೂ ಸಾಲವು, ಅದು ಅನ್ನ.

ದಂಡೆಯ ಮರಗಳಿಂದ ನೇರವಾಗಿ ಉದುರುವ, ಗಾಳಿಗೆ ಹಾರಿ ಬರುವ, ಮಳೆಯಲ್ಲಿ ಇಳಿಜಾರಿನಿಂದ ಕೊಚ್ಚಿ ಬರುವ ಎಲೆ, ಕಡ್ಡಿ, ತೊಗಟೆ, ಹೂವು, ಕಾಯಿ ಎಲ್ಲವೂ ಹಳ್ಳದ ದರಕೇ. ದಟ್ಟ ಕಾಡಿನ ಹಳ್ಳಕ್ಕೆ ಬಿಸಿಲು ಬೀಳುವುದು ಕಡಿಮೆ, ಪಾಚಿ ಬೆಳೆಯುವುದೂ ಕಡಿಮೆ. ಆದ್ದರಿಂದ ಊಟ ಹೊರಗಿನಿಂದಲೇ ಬರಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಬೇರ್ ಬ್ರೂಕ್ ಎಂಬ ತೊರೆಯ ಲೆಕ್ಕ 1973ರಲ್ಲಿ ಪ್ರಕಟವಾಯಿತು: ಅದಕ್ಕೆ ದಕ್ಕುವ ಶಕ್ತಿಯಲ್ಲಿ ಸುಮಾರು ಶೇ 99ರಷ್ಟು ಸುತ್ತಲಿನ ಕಾಡಿನದು.

ನೀರಿಗೆ ಬಿದ್ದ ಎಲೆ ಒಂದೆರಡು ದಿನದಲ್ಲೇ ಚಹಾಪುಡಿಯಂತೆ ಬಣ್ಣ, ಸಕ್ಕರೆ, ಒಗರು ಬಿಡುತ್ತದೆ. ಆಮೇಲೆ ಶಿಲೀಂಧ್ರಗಳು ಏರುತ್ತವೆ. ಇವುಗಳಲ್ಲಿ ಹಲವದರ ಬೀಜಕಣಕ್ಕೆ ನಾಲ್ಕು ತೋಳು. ಹರಿಯುವ ನೀರಿನಲ್ಲಿ ಎಲೆಗೆ ತಗುಲಿಕೊಳ್ಳಲು ಲಂಗರಿನಂಥ ಆಕಾರ. 1942ರಲ್ಲಿ ಇಂಗೋಲ್ಡ್ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿ ತೊರೆಯಲ್ಲಿ ಕೊಳೆಯುತ್ತಿದ್ದ ಎಲೆಗಳ ಮೇಲೆ ಇಂಥವನ್ನು ಗುರುತಿಸಿ ವಿವರಿಸಿದರು. ಝರಿಯ ಬುಡದ ನೊರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ನಕ್ಷತ್ರಗಳ ಸಂತೆಯೇ ಕಾಣಬಹುದು. ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇವುಗಳ ಅಧ್ಯಯನ ನಡೆದಿದೆ. ಶಿಲೀಂಧ್ರ ಹತ್ತಿದ ಎಲೆ ಮೆತ್ತಗಾಗುತ್ತದೆ, ಸಾರವೂ ಹೆಚ್ಚುತ್ತದೆ. ಆಗ ಕೀಟಗಳ ಮರಿಗಳು ಅದನ್ನು ಕತ್ತರಿಸಿ ತಿನ್ನುತ್ತವೆ. ಅವು ಉದುರಿಸಿದ ಚೂರನ್ನು ಕೆಳಗಡೆಯ ಜೀವಿಗಳು ಸೋಸಿಕೊಳ್ಳುತ್ತವೆ.

ಅಮೆರಿಕದ್ದೇ ನಾರ್ತ್ ಕೆರೊಲಿನಾ ರಾಜ್ಯದ ಕೊವೀಟಾ ಎಂಬಲ್ಲಿ ಒಂದು ತೊರೆಯ ಮೇಲೆ ಬಲೆ ಹೊದಿಸಿ, 1993ರಿಂದ ಎಲೆ ಬೀಳದಂತೆ ತಡೆದರು. ಎಲೆ ತಿನ್ನುವ ಹುಳುಗಳಷ್ಟೇ ಅಲ್ಲ, ಅವನ್ನು ಹಿಡಿದು ತಿನ್ನುವವೂ ಇಳಿಮುಖವಾದವು.

ಹೊಲ, ತೋಟಗಳಿಂದಲೂ ದರಕು ಬರುತ್ತದೆ: ಅಡಿಕೆ ಸೋಗೆ, ಮೆಕ್ಕೆಜೋಳದ ರವದಿ. ಆದರೆ ಎಲ್ಲ ಎಲೆಯೂ ಒಂದೇ ರುಚಿಯಲ್ಲ. ನೀಲಗಿರಿಯದು ಎಣ್ಣೆ, ಮೇಣ ತುಂಬಿದ ಎಲೆ. ಮಲೆನಾಡಿನ ನೆಡುತೋಪುಗಳ ಅಕೇಶಿಯಾದ್ದಂತೂ ನಿಜಕ್ಕೆ ಎಲೆಯೇ ಅಲ್ಲ, ಅಗಲಗೊಂಡ ತೊಟ್ಟು, ತೊಗಲಿನಷ್ಟು ಗಡುಸು. ಹಲವು ಬಗೆಯ ಮರಗಳಿದ್ದ ದಂಡೆಯಲ್ಲಿ ಬೇಗ ಕರಗುವುದೂ ನಿಧಾನಕ್ಕೆ ಕರಗುವುದೂ ಸೇರಿ, ಹಳ್ಳಕ್ಕೆ ವರ್ಷವಿಡೀ ಊಟ ಒದಗುತ್ತಿತ್ತು.